ಕಣ್ಣು ಬಿಟ್ಟ ಫೋಟೋ

ಕೂಸಿಗೆ ಎಣ್ಣೆನೀರು ಹಾಕುವುದರಲ್ಲಿ ಚಿಕ್ಕಕ್ಕನನ್ನು ಮೀರಿಸುವವರು ಬೇಗಾರಿನಲ್ಲೇ ಇರಲಿಲ್ಲ. ಕಾಲು ನೀಡಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿ, ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಹೊಯ್ದು, ಧೂಪದ ಹೊಗೆ ತೋರಿಸಿ ಬಟ್ಟೆ ಸುತ್ತಿದಳೆಂದರೆ ಮುಗಿಯಿತು, ಮಗು ಮಧ್ಯಾಹ್ನದವರೆಗೆ ಮಿಸುಕುತ್ತಿರಲಿಲ್ಲ. ಅಂಥವಳು ಆ ದಿನ ಹಂಡೆಯ ಒಲೆಗೆ ಬೆಂಕಿಯನ್ನೇ ಸರಿಯಾಗಿ ಹಾಕಲಿಲ್ಲ. ಉಗುರುಬೆಚ್ಚಗಿನ ನೀರನ್ನು ಒಂದೆರಡು ಚೊಂಬು ಹೊಯ್ದು ಮಗುವನ್ನು ಎತ್ತಿಬಿಟ್ಟಳು. ಧೂಪದ ಮಾತೇ ಇಲ್ಲ.

ಸೊಸೆ ಪವಿತ್ರಾಳ ಮುಖ ಊದಿಕೊಂಡಿತು. ಊದದೆ ಇನ್ನೇನು? ಆ ದಿನ ಮಗುವಿನ ಫೋಟೋ ತೆಗೆಸುವುದಿತ್ತು. ಕೊಪ್ಪದ ಸ್ಟುಡಿಯೋದ ಫೋಟೋಗ್ರಾಫರ್ ಸಂದೇಶ ಫೋನಿನಲ್ಲಿ ಬಿಡಿಸಿ ಹೇಳಿದ್ದ. ಮಗುವನ್ನು ಚೆನ್ನಾಗಿ ಮೀಯಿಸಿ, ಹೊಟ್ಟೆ ತುಂಬ ಹಾಲು ಕೊಟ್ಟು ಕರೆದುಕೊಂಡು ಬರಬೇಕು. ನಿದ್ದೆ ಹೋದ ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ, ಸುತ್ತ ಹೂವಿಟ್ಟು ತೆಗೆದರೆ ಅದರ ಚಂದವೇ ಬೇರೆ. ಪವಿತ್ರಾಳಿಗೆ ಆ ಬುಟ್ಟಿಯ ಮೇಲೇ ಆಸೆ. ಪಾಪ, ಅವಳದೊಂದು ಬಾಲ್ಯದ ಫೋಟೋ ತವರಿನಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಮಗಳಿಗೆ ಹಾಗಾಗಬಾರದೆಂದು ಬಾಣಂತನ ಮುಗಿಸಿ ಬಂದಾಗಿನಿಂದ ಗಂಡ ಲೋಕೇಶನ ಬೆನ್ನು ಹತ್ತಿ ಒಪ್ಪಿಸಿದ್ದಳು. ಈಗ ನೋಡಿದರೆ ಅತ್ತೆಯೇ ಅಡ್ಡಗಾಲು.

ಚಿಕ್ಕಕ್ಕನಿಗೆ ಫೋಟೋದ ಮೇಲೆ ಸಿಟ್ಟಿರಲಿಲ್ಲ. ಮಗು ನಿದ್ದೆಯಲ್ಲಿರಬಾರದು, ಅಷ್ಟೇ. ಲೋಕೇಶನಿಗಿಂತ ಮೊದಲು ಅವಳಿಗೊಂದು ಹೆಣ್ಣುಮಗು ಹುಟ್ಟಿತ್ತು, ಕುಸುಮಾ. ಇಷ್ಟೇ ದೊಡ್ಡದಾಗಿದ್ದಾಗ ಜ್ವರ ಬಂದು ತೀರಿಕೊಂಡಿತು. ಒಂದು ಗುರುತಾದರೂ ಇರಲಿ ಎಂದು ಗಂಡ ಬೂತಪ್ಪ ಶೃಂಗೇರಿಗೆ ಓಡಿ ಫೋಟೋದವನನ್ನು ಕರೆತಂದ. ಚಾಪೆಯ ಮೇಲೆ ಮಲಗಿಸಿ, ಸುತ್ತ ಹೂವಿಟ್ಟು, ಅವನು ತೆಗೆದ. ಬೂತಪ್ಪನೂ ಈಗಿಲ್ಲ. ಆ ಫೋಟೋ ಟ್ರಂಕಿನ ತಳದಲ್ಲಿದೆ, ಮಗನಿಗೂ ಅವಳು ತೋರಿಸಿದವಳಲ್ಲ. ಮಗುವಿನ ಫೋಟೋ ತೆಗೆಸುವ ಶುಭದಿನ ಇದನ್ನೆಲ್ಲ ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ನೀರಿನ ಬಿಸಿ ತಗ್ಗಿಸಿ, ಬಾಯಿ ಮುಚ್ಚಿಕೊಂಡು ಮಗ ಸೊಸೆಯ ಜೊತೆ ಕೊಪ್ಪದ ಬಸ್ಸು ಹತ್ತಿದಳು.

ಅವಳ ಉಪಾಯವನ್ನು ಬಸ್ಸು ಹಾಳು ಮಾಡಿತು. ಶೃಂಗೇರಿ ದಾಟಿ ತಿರುವುಗಳು ಶುರುವಾದದ್ದೇ ತಡ, ಮಗು ಅವಳ ಮಡಿಲಲ್ಲೇ ಆಕಳಿಸಿ ಕಣ್ಣು ಮುಚ್ಚಿತು. ಚಿಕ್ಕಕ್ಕ ಅಂಗಾಲು ಕೆರೆದಳು, ಕಿವಿ ಸವರಿದಳು, ಕಿಟಕಿಯ ಗಾಳಿಗೆ ಒಡ್ಡಿದಳು. ಮಗು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪಕ್ಕದಲ್ಲಿ ಕೂತ ಪವಿತ್ರಾ ಎಲ್ಲವನ್ನೂ ನೋಡಿದಳು, ಸಿಟ್ಟನ್ನು ನುಂಗಿಕೊಂಡಳು.

ಸ್ಟುಡಿಯೋದಲ್ಲಿ ಬುಟ್ಟಿ ತಯಾರಿತ್ತು. ಸಂದೇಶ ಮಗುವನ್ನು ಮೆತ್ತಗೆ ಮಲಗಿಸಿ, ಕೈಗಳನ್ನು ಎದೆಯ ಮೇಲೆ ಜೋಡಿಸಿ, ಬಿಳಿ ಸೇವಂತಿಗೆಯನ್ನು ತಲೆಯ ಸುತ್ತ ಇಡುತ್ತ ಬಂದ. ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಕ್ಕ ದಡದಡನೆ ಒಳಗೆ ಬಂದಳು. ಬುಟ್ಟಿಗೆ ಕೈ ಹಾಕಿ ಹೂವನ್ನು ಬಾಚಿ ತೆಗೆದಳು.

"ಎಂತ ಅತ್ತೆ ಇದು, ಬೆಳಗ್ಗಿಂದ ನೋಡ್ತಾ ಇದೀನಿ. ನಿಮ್ಗೆ ನನ್ ಮಗಳ ಫೋಟೋ ತೆಗ್ಸೋದೇ ಬೇಡ್ವಾ?" ಎಂದಳು ಪವಿತ್ರಾ.

"ಬೇಕು. ಕಣ್ ಬಿಟ್ಟಿದ್ದು ಬೇಕು," ಎಂದಳು ಚಿಕ್ಕಕ್ಕ. "ಕುಸುಮಂದು ಇರೋದು ಒಂದೇ ಫೋಟೋ ಕಣೆ. ಹಿಂಗೇ ಮಲ್ಗಿಸಿ, ಹಿಂಗೇ ಹೂ ಇಟ್ಟು ತೆಗ್ದಿದ್ದು. ಹೋದ್ಮೇಲೆ."

ಲೋಕೇಶ ತಲೆ ತಗ್ಗಿಸಿದ. ತನಗೊಬ್ಬ ಅಕ್ಕ ಇದ್ದಳೆಂದು ಗೊತ್ತಿತ್ತು, ಫೋಟೋ ಇದೆಯೆಂದು ಗೊತ್ತಿರಲಿಲ್ಲ. ಪವಿತ್ರಾ ಬುಟ್ಟಿಯಲ್ಲಿ ಉಳಿದಿದ್ದ ಹೂಗಳನ್ನು ತಾನೇ ಆರಿಸಿ ತೆಗೆದಳು. ಆಮೇಲೆ ಮಗಳನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟು, ಎಬ್ಬಿಸಿ ಎಂದಳು.

ನಿದ್ದೆ ಕೆಟ್ಟ ಮಗು ಸುಮ್ಮನಿರುತ್ತದೆಯೇ? ಸ್ಟುಡಿಯೋ ಹಾರಿಹೋಗುವ ಹಾಗೆ ಕಿರುಚಿತು. ಸ್ವಲ್ಪ ಸಮಾಧಾನವಾಗಲಿ, ಆಮೇಲೆ ತೆಗೆಯೋಣ ಎಂದ ಸಂದೇಶ.

"ಬೇಡ, ಅಳ್ಲಿ," ಎಂದಳು ಪವಿತ್ರಾ. "ಹಂಗೇ ತೆಗೀರಿ."

ವಾಪಸು ಬರುವಾಗ ಬಸ್ಸಿನಲ್ಲಿ ಮಗು ಕಣ್ಣರಳಿಸಿಕೊಂಡು ಅಜ್ಜಿಯನ್ನೇ ನೋಡುತ್ತಿತ್ತು. ಪವಿತ್ರಾ ಮೆಲ್ಲಗೆ ಕೇಳಿದಳು, "ಅತ್ತೆ, ಕುಸುಮನ ಕಣ್ಣು ಹೆಂಗಿತ್ತು?"

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಅದು ಕೇಳಿರಲಿಲ್ಲ. ಚಿಕ್ಕಕ್ಕ ಮೊಮ್ಮಗಳ ಕೆನ್ನೆಗೆ ಹರಡಿದ್ದ ಕಾಡಿಗೆಯನ್ನು ಸೆರಗಿನ ತುದಿಯಿಂದ ಒರೆಸಿದಳು.

"ನೆನ್ಪಿಲ್ಲ ಮಾರಾಯ್ತಿ," ಎಂದಳು. "ಆ ಫೋಟೋ ನೋಡಿ ನೋಡಿ, ಮುಚ್ಚಿದ್ದೇ ನೆನ್ಪು ಉಳೀತು."