ಸೇಲಮ್ಮೋ ಹೊಸೂರೋ

ಎಂಜಿನ್ನಿನ ಮಸಿಯ ಚೂರೊಂದು ಗಾಳಿಯಲ್ಲಿ ತೇಲಿಬಂದು ನನ್ನ ಬಿಳಿ ಚಾದರದ ಮೇಲೆ ಕೂತಿತು, ಒರೆಸಿದರೆ ಹರಡುತ್ತದೆ, ಊದಬೇಕು, ಊದಿದೆ, ಹೋಯಿತು — ಬಿಡದಿ ದಾಟಿತು, ಇನ್ನು ಕ್ಲೋಸ್‌ಪೇಟೆ, ಆಮೇಲೆ ನಮ್ಮ ಚನ್ನಪಟ್ಟಣ, ಅಷ್ಟರಲ್ಲಿ ಹೇಳಿಬಿಡಬೇಕು, ಇಳಿದ ಮೇಲಾದರೆ ಮನೆ ತುಂಬ ಜನ, ಮಾವನ ಕೆಮ್ಮು, ಅತ್ತೆಯ ಅಳು, ನನ್ನ ಮಾತು ಅದರಲ್ಲೇ ಮುಳುಗಿಹೋಗುತ್ತದೆ. ಎದುರಿಗೆ ಮೈದುನ ಖಲಂದರ್ ಬಾಯಿ ತೆರೆದು ನಿದ್ದೆಹೋಗಿದ್ದಾನೆ, ನಿದ್ದೆಯಲ್ಲಿ ಥೇಟ್ ಅವನ ಅಣ್ಣ, ನನ್ನ ಹುಸೇನ್, ಅದೇ ಮೂಗು — ಪ್ಲೇಗಿನ ವರ್ಷ ಊರಾಚೆಯ ಜೋಪಡಿಯಲ್ಲಿ ಹುಸೇನ್ ಹೀಗೇ ಮಲಗಿದ್ದರು, ಹಮೀದಾ, ಒಲೆ ಆರಿಸ್ಬೇಡ ಅಂದರು, ಕಣ್ಣು ಮುಚ್ಚಿದರು, ನಾನು ಆರಿಸಲಿಲ್ಲ, ರೇಷ್ಮೆ ಬಿಚ್ಚುವ ಆ ಒಲೆಯ ಮುಂದೆ ಕೂತು ಕುದಿನೀರಿನಲ್ಲಿ ಬೆರಳು ಬೇಯಿಸಿಕೊಂಡೇ ಮಗಳು ಫಿರೋಜಾಳನ್ನು ಬೆಳೆಸಿದೆ, ಈಗ ಖಲಂದರನಿಗೆ ಮದುವೆ ಗೊತ್ತಾಗಿದೆ, ಒಲೆಗಳ ಕೊಟ್ಟಿಗೆ ಅವನಿಗೆ ಬೇಕು, ನನ್ನ ಪಾಲನ್ನು ಮಾವ ಹಣವಾಗಿ ಕೊಡಿಸಿದರು, ಮೋಸವಿಲ್ಲ, ಆದರೆ ಹಣ ಕರಗುತ್ತದೆ, ಮನೆ ಕರಗುವುದಿಲ್ಲ, ಬಾಡಿಗೆ ಬರುವ ಮನೆ. ಇಲ್ಲೇ ತಗೊಳಿ ಭಾಭಿ, ನೋಡ್ಕೊಳ್ಳೋಕೆ ನಾನಿಲ್ವಾ ಅಂದ ಖಲಂದರ್, ಅದಕ್ಕೇ ಇಲ್ಲಿ ಬೇಡ, ಚನ್ನಪಟ್ಟಣದಲ್ಲಿ ಅರಮನೆ ಕೊಂಡರೂ ಅದು ಪೀರ್ ಸಾಬರ ಸೊಸೆಯ ಮನೆ, ಆಮೇಲೆ ಪೀರ್ ಸಾಬರ ಮನೆ, ಆಮೇಲೆ ಖಲಂದರನ ಮನೆ — ಮಹಾರಾಜರ ಸೀಮೆಯನ್ನೇ ದಾಟಬೇಕು, ಇಂಗ್ಲಿಷರ ಸೀಮೆಯಲ್ಲಿ, ಮಾವನ ಹೆಸರು ಯಾರಿಗೂ ಗೊತ್ತಿಲ್ಲದ ಊರಿನಲ್ಲಿ, ಹಮೀದಾಳ ಮನೆ ಅಂತಲೇ ಅನಿಸಿಕೊಳ್ಳಬೇಕು.

ಸೇಲಂ ನೋಡಿದ್ದು ರಂಜಾನಿಗೆ ಮುಂಚೆ, ಎಂಥ ಊರು, ಬೀದಿಯುದ್ದಕ್ಕೂ ಮಗ್ಗದ ಸದ್ದು, ಖಲಂದರನ ಸ್ನೇಹಿತ ಮುಕ್ತಿಯಾರ್ ತೋರಿಸಿದ ಮನೆಗೆ ತೇಗದ ಕಂಬ, ಮಹಡಿ, ಕಿಟಕಿಗೆ ಬಣ್ಣದ ಗಾಜು, ಇಡೀ ಮನೆಗೆ ಒಬ್ಬನೇ ಬಾಡಿಗೆದಾರ, ಜವಳಿ ವ್ಯಾಪಾರಿ, ಬಾಡಿಗೆ ನಾನೇ ವಸೂಲಿ ಮಾಡಿ ಕಳಿಸ್ತೀನಿ ಅಂದ ಮುಕ್ತಿಯಾರ್, ಅಂದದ್ದು ನನಗಲ್ಲ, ಖಲಂದರನಿಗೆ, ಬಾವಿ ಎಲ್ಲಿ ಎಂದು ನಾನು ಕೇಳಿದರೆ ಅವನ ಕಡೆ ತಿರುಗಿ ಹಿಂದ್ಗಡೆ ಐತೆ ಅಂದ, ಹಿಂದಕ್ಕೆ ಕರೆದೊಯ್ಯಲಿಲ್ಲ, ಆ ವ್ಯಾಪಾರಿ ಬಿಟ್ಟುಹೋದರೆ ಇಡೀ ಮನೆ ಖಾಲಿ, ಚನ್ನಪಟ್ಟಣದಲ್ಲಿ ಕೂತವಳಿಗೆ ಗೊತ್ತಾಗುವುದು ಯಾವಾಗ. ಹೊಸೂರು ಅಂದವಳು ಬಸಮ್ಮ, ಸಾತನೂರಿನಿಂದ ರೇಷ್ಮೆಗೂಡು ತರುವವಳು, ಬುಟ್ಟಿ ಇಳಿಸುತ್ತ ಅಂದಳು, ಒಸಿ ಹೊಸೂರ್ನೂ ನೋಡ್ಬುಟ್ಟು ಬನ್ನಿ ಬೂಬಮ್ಮ, ನಮ್ಮಕ್ಕ ಚನ್ನಬಸಮ್ಮುನ್ನ ಅಲ್ಗೇ ಕೊಟ್ಟಿರೋದು, ಕಚೇರಿ ಊರು, ಇವತ್ತೊಬ್ಬ ಗುಮಾಸ್ತ ಹೋದ್ರೆ ನಾಳೆ ಇನ್ನೊಬ್ಬ ಬತ್ತಾನೆ, ಬಂದೋನ್ಗೆ ಮನೆ ಬ್ಯಾಡ್ವಾ. ನಿನ್ನೆ ಹೋದರೆ ತೇಗವೂ ಇಲ್ಲ ಗಾಜೂ ಇಲ್ಲ, ಗೋಡೆಗೆ ಗೋಡೆ ಅಂಟಿದ ಪುಟ್ಟ ಮನೆಗಳ ಒಂದು ಸಾಲು, ಹೆಂಚು ಜಾರಿದೆ, ಖಲಂದರ್ ಮೂಗು ಮುರಿದು ಬೀದಿಯಲ್ಲೇ ನಿಂತ, ಚನ್ನಬಸಮ್ಮ ಮಾತ್ರ ಬಾವಿಯಿಂದ ಸೇದಿ ಮೊದಲು ನನಗೆ ಕುಡಿಸಿದಳು, ಸಿಹಿನೀರು, ಆಮೇಲೆ ಒಂದೊಂದು ಮನೆಯ ಅಡಿಗೆಕೋಣೆಯನ್ನೂ ತೋರಿಸಿದಳು, ಬಾಡ್ಗೆ ಇಸ್ಕೊಂಡು ತಂಗಿ ಬಸಿ ಕೈಲಿ ಕಳಿಸ್ತೀನಿ, ಏನಾದ್ರೂ ಒಡುದ್ರೆ ಅದ್ನೂ ಹೇಳ್ಕಳಿಸ್ತೀನಿ, ಮುಚ್ಚಾಕಲ್ಲ ಅಂದಳು — ಒಂದು ಬಾಗಿಲು ಖಾಲಿಯಾದರೂ ಉಳಿದ ಬಾಗಿಲುಗಳು ಅನ್ನ ಹಾಕುತ್ತವೆ, ರೇಷ್ಮೆಯೂ ಹಾಗೇ ಅಲ್ಲವೇ, ಒಂದೇ ಎಳೆ ಸೇದಿದರೆ ಪಟ್ಟನೆ ಕಡಿಯುತ್ತದೆ, ನಾಲ್ಕೈದು ಸೇರಿಸಿದರೆ ನೂಲು.

ಬಂಡಿ ನಿಂತಿತು, ಕ್ಲೋಸ್‌ಪೇಟೆ, ಬಿಸಿಲಿಗೆ ಬಂಡೆಗಳು ಕುದುರೆಯ ಬೆನ್ನಿನಂತೆ ಹೊಳೆಯುತ್ತಿವೆ, ಖಲಂದರ್ ಎದ್ದು ಕಣ್ಣುಜ್ಜಿಕೊಂಡ, ಸೇಲಮ್ಮೇ ತಾನೆ ಭಾಭಿ, ಮುಕ್ತಿಯಾರ್‌ಗೆ ತಂತಿ ಕೊಡ್ಲಾ. ಹೇಳು ಹಮೀದಾ ಅಂದುಕೊಂಡೆ, ಇಲ್ಲ ಕಣಪ್ಪ, ಹೊಸೂರು ಅಂದೆ. ನಕ್ಕ, ಆ ಮುರುಕ್ಲು ಮನೆ ಸಾಲಾ, ಅಲ್ಲಿ ನಮ್ಮೋರು ಯಾರವ್ರೆ. ಬಸಮ್ಮನ ಅಕ್ಕ ಅವ್ಳೆ ಅಂದೆ. ನಾನು ಹೊರಗಿನೋನು ಆಗ್ಬುಟ್ನಾ, ಅವನ ಮುಖ ಕೆಂಪೇರಿತು, ನಾನು ಮುಸುಕು ಸರಿಸಿ ಅವನನ್ನೇ ನೋಡಿದೆ, ನೀನು ಹೊರಗಿನೋನಲ್ಲ, ನಾಳೆ ನಿನಗೂ ಹೆಂಡ್ತಿ ಮಕ್ಳು, ನಂಗೂ ಫಿರೋಜಾಗೂ ನಿನ್ನ ಮುಂದೆ ಕೈಚಾಚೋ ಕಾಲ ಬರ್ಬಾರ್ದು, ಅಷ್ಟೇ. ಅವನು ಕಿಟಕಿಯಾಚೆ ತಿರುಗಿದ, ಸೀಟಿ ಊದಿತು, ಬಂಡಿ ಕದಲಿತು, ಸರಿ ಇನ್ನು ಊರು ಮುಟ್ಟಿದ ಕೂಡಲೇ ಮಾವನ ಮುಂದೆ ಪಂಚಾಯ್ತಿ ಅಂದುಕೊಂಡೆ, ಆಗ ಅವನು ಹೊರಗೆ ನೋಡುತ್ತಲೇ ಅಂದ, ಮಳೆಗೆ ಮುಂಚೆ ಹೆಂಚು ಕೈಯಾಡಿಸ್ಬೇಕು, ಹೆಂಚಿನ ಕೆಲ್ಸದ ಗೌಸ್‌ನ ನಾನೇ ಕರ್ಕೊಂಡೋಗ್ತೀನಿ, ಅಬ್ಬಾಗೂ ನಾನೇ ಹೇಳ್ತೀನಿ — ಹುಸೇನರ ತಮ್ಮನೇ ಇವನು, ಅದೇ ಮೂಗು ಮಾತ್ರವಲ್ಲ.

ಇವನಿಗೆ ಹೇಳದೆ ಉಳಿದದ್ದು ಒಂದಿದೆ, ಸಾಲಿನ ಕೊನೆಯಲ್ಲಿ ಒಂಟಿ ಕೋಣೆ, ಯಾರೂ ಬಾಡಿಗೆಗಿಲ್ಲ, ನಾನು ಹೊರಡುವಾಗ ಪಕ್ಕದ ಮನೆಯ ಕೋರ್ಟು ಜವಾನನ ಹೆಂಡತಿ ಓಡಿಬಂದು ಅದನ್ನು ಗುಡಿಸಿದಳು, ಧೂಳು ಅಡಗಲಿ ಎಂದು ಚೊಂಬಿನ ನೀರು ಎರಚಿದಳು, ಇದ್ನ ಯಾರ್ಗೂ ಕೊಡ್ಬೇಡಿ ಅಮ್ಮ, ನೀವ್ ಬಂದಾಗ ಇಳ್ಕೊಳ್ಳೋಕೆ ಇರ್ಲಿ ಅಂದಳು, ನಾನು ಚಪ್ಪಲಿ ಬಿಟ್ಟೆ, ಹುಟ್ಟಿದ್ದು ಅಪ್ಪನ ಮನೆ, ಬಾಳಿದ್ದು ಮಾವನ ಮನೆ, ಹೊಸ್ತಿಲ ಮೇಲೆ ಬರಿಗಾಲಿಟ್ಟೆ, ಕಲ್ಲಿನ ತಂಪು ಮೊಣಕಾಲಿನವರೆಗೆ ಏರಿತು, ಫಿರೋಜಾಳನ್ನು ಕರೆತಂದು ಅವಳ ಕಾಲನ್ನೂ ಅಲ್ಲಿಡಿಸಬೇಕು, ಆ ಒದ್ದೆ ಹೊಸ್ತಿಲು, ಅದರ ಮೇಲೆ ನನ್ನ ಹೆಜ್ಜೆ, ಐದು ಬೆರಳೂ ಬಿಡಿಬಿಡಿಯಾಗಿ, ಒದ್ದೆ ಹೊಸ್ತಿಲು —