ಬಲಗಾಲು ನೋಡಿ ಎಡಗಾಲು

“ಮುರಿದಿರೋದು ಎಡಗಾಲು ಡಾಕ್ಟ್ರೇ! ಬಲಗಾಲನ್ನೂ ಯಾಕೆ ಸ್ಕ್ಯಾನ್ ಮಾಡಿಸಿದ್ರಿ?” ಎಂದು ಶ್ರೀನಿವಾಸಯ್ಯನವರು ಕೇಳಿದರು. ನಿವೃತ್ತ ಮೇಷ್ಟ್ರು, ಎದುರಿಗಿರುವವರೆಲ್ಲ ಅವರಿಗೆ ಇನ್ನೂ ಏಳನೇ ಕ್ಲಾಸಿನವರೇ.

“ಸುಮ್ನಿರ್ರೀ, ಅವರು ಹೇಳ್ಲಿ,” ಎಂದು ಹಾಸಿಗೆಯಿಂದಲೇ ಕಾವೇರಮ್ಮ ಗದರಿದರು.

ಆಷಾಢದಲ್ಲಿ ಕಾವೇರಮ್ಮ ಅಟ್ಟ ಗುಡಿಸಲು ಏಣಿ ಹತ್ತಿ, ಗೊಂಬೆ ಟ್ರಂಕಿಗೆ ಕೈಚಾಚಿ, ಶಂಕರಪುರದ ಮನೆಯ ಕೆಂಪು ನೆಲಕ್ಕೆ ಹಿಮ್ಮಡಿ ಊರಿ ಬಿದ್ದಿದ್ದರು. ಊತ ಇಳಿಯಲಿ, ಆಮೇಲೆ ಆಪರೇಷನ್ ಎಂದಿದ್ದರು ಡಾಕ್ಟರ್ ರುದ್ರೇಶ್. ಊತವೇನೋ ಇಳಿಯಿತು, ಈಗ ಕಾವೇರಮ್ಮನೇ ಬೇಡ ಅನ್ನುತ್ತಿದ್ದರು. ಕಾಲು ಕೊಯ್ದು ಒಳಗೆ ಹುಡುಕಾಡುತ್ತಾರಲ್ಲ ಎಂಬ ಭಯ. ಹಾಗೇ ಬಿಟ್ಟರೆ ನವರಾತ್ರಿಗೆ ಗೊಂಬೆ ಕೂರಿಸಲು ನಿಲ್ಲುವುದೂ ಕಷ್ಟವಾದೀತು ಎಂದು ಡಾಕ್ಟರು ಹೇಳಿದ ಮೇಲಂತೂ ನಿದ್ದೆಯೇ ಇಲ್ಲ. ಆದರೂ ಹ್ಞೂಂ ಅನ್ನಲು ಧೈರ್ಯವಿಲ್ಲ.

ರುದ್ರೇಶ್ ಜೇಬಿನಿಂದ ಎರಡು ಬಿಳಿ ಪ್ಲಾಸ್ಟಿಕ್ ಮೂಳೆ ತೆಗೆದು ಅವರ ಕೈಗಿಟ್ಟರು. ಒಂದು ಉಬ್ಬದ ಇಡ್ಲಿಯ ಹಾಗೆ ಚಪ್ಪಟೆ, ಮೈತುಂಬ ಬಿರುಕು.

“ಇದು ನಿಮ್ಮ ಎಡ ಹಿಮ್ಮಡಿ, ಈಗಿರೋ ಹಾಗೆ. ಸ್ಕ್ಯಾನ್ ನೋಡಿ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ್ದು. ಇನ್ನೊಂದು ಬಲಗಾಲಿಂದು, ಕನ್ನಡೀಲಿ ಕಾಣೋ ಹಾಗೆ ತಿರುಗಿಸಿದೀವಿ. ಬೀಳೋಕೆ ಮುಂಚೆ ಎಡಗಾಲೂ ಹೆಚ್ಚುಕಮ್ಮಿ ಹೀಗೇ ಇತ್ತು.”

ಕಾವೇರಮ್ಮ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. “ರೀ, ಪಟ್ಟದ ಗೊಂಬೇಲಿ ರಾಣಿ ಕೈ ಮುರಿದಾಗ, ರಾಜನ ಕೈ ನೋಡ್ಕೊಂಡು ತಾನೇ ನಾನು ಅಂಟಿಸಿದ್ದು?”

“ಅಂಟಿಸಿದೆ. ರಾಣಿ ಈಗ್ಲೂ ಬಸ್ಸಿಗೆ ಕೈ ಅಡ್ಡ ಹಾಕಿದ ಹಾಗೆ ನಿಂತಿದಾಳೆ.”

ರುದ್ರೇಶ್ ನಕ್ಕುಬಿಟ್ಟರು. “ನೀವು ನೇರ ಗೊಂಬೆಗೇ ಅಂಟಿಸಿಬಿಟ್ರಿ ಅಲ್ವಾಮ್ಮ? ನಾನು ಮೊದಲು ಈ ಪ್ಲಾಸ್ಟಿಕ್ ಮೂಳೆ ಮೇಲೆ ಮಾಡಿ ನೋಡಿದೀನಿ. ಮೂಳೆ ಹಿಡಿದಿಡೋ ಪ್ಲೇಟು ಈ ಬಲಗಾಲಿಂದರ ಅಳತೆಗೇ ಬಗ್ಗಿಸಿಟ್ಟಾಗಿದೆ. ಸ್ಕ್ರೂ ಎಲ್ಲೆಲ್ಲಿ ಅಂತಾನೂ ಗೊತ್ತು. ಒಳಗೆ ಹೋಗಿ ಹುಡುಕೋದು ಜಾಸ್ತಿ ಇರಲ್ಲ.”

ಕಾವೇರಮ್ಮ ಎರಡೂ ಮೂಳೆಗಳನ್ನು ಮಡಿಲಿಗೆ ಹಾಕಿಕೊಂಡರು. “ಹಾಗಾದ್ರೆ ಮಾಡಿಬಿಡಪ್ಪ. ಮುಗಿದ್ಮೇಲೆ ಇವೆರಡೂ ನನಗೆ ಬೇಕು. ವರ್ಷಕ್ಕೊಂದು ಹೊಸ ಗೊಂಬೆ ಇಡೋ ಪದ್ಧತಿ ನಮ್ಮಲ್ಲಿ.”

“ಮೂಳೇನಾ? ಗೊಂಬೆಗಳ ಸಾಲಿನಲ್ಲಾ?” ಎಂದು ಮೇಷ್ಟ್ರು ಹೌಹಾರಿದರು.

“ಪ್ಲಾಸ್ಟಿಕ್ಕು ಕಣ್ರೀ. ಮೈಲಿಗೆ ಏನ್ ಬಂತು?”

ನವರಾತ್ರಿ ಬಂತು. ಕಾವೇರಮ್ಮ ಕೋಲೂರಿಕೊಂಡು ನಿಂತು, ಗಂಡನ ಕೈಯಲ್ಲಿ ಒಂದೊಂದೇ ಗೊಂಬೆ ಇಡಿಸಿದರು. ಮೂಳೆಗಳಿಗೆ ಕೆಳಗಿನ ಮೆಟ್ಟಿಲಲ್ಲಿ, ಅಂಗಡಿ ಹರಡಿಕೊಂಡು ಕೂತ ಶೆಟ್ಟಿ ಗೊಂಬೆಯ ಮುಂದೆ, ಅಕ್ಕಿ ಬೇಳೆಯ ನಡುವೆ ಜಾಗ ಸಿಕ್ಕಿತು.

ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆ ಶೈಲಜಮ್ಮ ಬಗ್ಗಿ ನೋಡಿದರು. “ಶೆಟ್ಟರು ಈ ಸಲ ಶುಂಠಿ ವ್ಯಾಪಾರಾನೂ ಶುರು ಮಾಡಿದಾರಾ?”

“ಶುಂಠಿ ಅಲ್ಲ ಕಣ್ರೀ, ನನ್ನ ಕಾಲು!”

“ಅಯ್ಯೋ, ಮತ್ತೆ ನೀವು ನಿಂತಿರೋದು ಯಾವುದರ ಮೇಲೆ?”

ನಗುವಿನ ಗದ್ದಲದಲ್ಲಿ ಮೇಲಿನ ಮೆಟ್ಟಿಲಿಂದ ರಾಣಿಯ ಸೊಟ್ಟ ಕೈಗೆ ಸಿಕ್ಕಿಸಿದ್ದ ಸೇವಂತಿಗೆ ಜಾರಿ ಕಾವೇರಮ್ಮನ ಸೆರಗಿಗೆ ಬಿತ್ತು. ಶ್ರೀನಿವಾಸಯ್ಯನವರು ಏಳುವಷ್ಟರಲ್ಲಿ ಕಾವೇರಮ್ಮ ಗೋಡೆ ಹಿಡಿದು, ಎರಡೂ ಹಿಮ್ಮಡಿಗಳನ್ನು ನೆಲದಿಂದ ಮೇಲಕ್ಕೆತ್ತಿ ತುದಿಗಾಲಲ್ಲಿ ನಿಂತು, ಹೂವನ್ನು ಮತ್ತೆ ರಾಣಿಯ ಕೈಗೇ ಸಿಕ್ಕಿಸಿದರು.