ಮಾವನ ಕೊಡತಿ, ಸೊಸೆಯ ಕೈ

ಡಿಸೆಂಬರ್ ಹನ್ನೆರಡರಂದು ಯಾಸುನೊ ಅಂಗಳದ ಹಿಮದ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ನೋವಿಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಹೊಸ ವರ್ಷಕ್ಕೆ ಕುಟ್ಟಿ ಮಾಡುವ ಅಕ್ಕಿಮುದ್ದೆ, ಮೋಚಿಯ ಚಿಂತೆ. ಪ್ರತಿ ವರ್ಷ ಇಪ್ಪತ್ತೆಂಟರ ಬೆಳಿಗ್ಗೆ ಗಂಡ ತೊಕುಜೊ ಬೆಂದ ಅಂಟಕ್ಕಿಯನ್ನು ಒರಳಿಗೆ ಸುರಿದು ಉದ್ದ ಹಿಡಿಯ ಕೊಡತಿಯಿಂದ ಕುಟ್ಟುತ್ತಿದ್ದ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಅವಳು ಒದ್ದೆ ಕೈ ಹಾಕಿ ಮುದ್ದೆಯನ್ನು ಮಡಚುತ್ತಿದ್ದಳು. ನಲವತ್ತೊಂದು ವರ್ಷ ಹಾಗೇ ನಡೆದಿತ್ತು.

ಈ ಸಲ ಅಂಗಡಿಯ ಮೋಚಿಯನ್ನೇ ದೇವರ ಮುಂದಿಟ್ಟರಾಯಿತು ಎಂದು ತೊಕುಜೊ ಹೇಳಿದ. ಯಾಸುನೊ ಎರಡು ದಿನ ಅವನೊಂದಿಗೆ ಮಾತಾಡಲಿಲ್ಲ.

ಮೂರನೆಯ ದಿನ ಸೊಸೆ ಚಿನಾತ್ಸು ತಾನು ಮಡಚುತ್ತೇನೆಂದಳು. ಒಸಾಕಾದ ಫ್ಲಾಟಿನಲ್ಲಿ ಬೆಳೆದವಳು, ಒರಳನ್ನು ಹತ್ತಿರದಿಂದ ಕಂಡದ್ದೇ ಇಲ್ಲ. ಮದುವೆಯಾಗಿ ಈ ಬೆಟ್ಟದೂರಿಗೆ ಬಂದು ಎಂಟು ತಿಂಗಳು. ಗಂಡ ರೈಲು ಓಡಿಸುವವನು, ಮೂವತ್ತೊಂದರವರೆಗೆ ರಜೆಯಿಲ್ಲ. ತೊಕುಜೊ ಸುತರಾಂ ಒಪ್ಪಲಿಲ್ಲ. ಅವನ ಚಿಕ್ಕಂದಿನಲ್ಲಿ ಅಪ್ಪನ ಕೊಡತಿಗೆ ಸಿಕ್ಕಿ ಅತ್ತೆಯೊಬ್ಬಳ ಬೆರಳು ಜಜ್ಜಿಹೋಗಿತ್ತು. ಆ ಕೂಗು ಇನ್ನೂ ಅವನ ಕಿವಿಯಲ್ಲಿತ್ತು.

ಯಾಸುನೊ ಅವನೊಂದಿಗೆ ವಾದಿಸಲಿಲ್ಲ. ಅವನು ಮೂಲಂಗಿ ಕೀಳಲು ಹೋದಾಗ ಬೋಗುಣಿಯಲ್ಲಿ ಒದ್ದೆ ಟವೆಲ್ ಉಂಡೆ ಮಾಡಿಟ್ಟು, ಎಡಗೈಯಲ್ಲಿ ಸೌಟು ಹಿಡಿದು ತಾಳ ಹಾಕಿದಳು. ಸೌಟು ಮೇಲೇಳುತ್ತಿದ್ದಂತೆ ಚಿನಾತ್ಸು ಕೈ ಹಾಕಬೇಕು, ಮಡಚಬೇಕು, ತೆಗೆಯಬೇಕು. ಮೊದಲ ದಿನ ಸೌಟಿನೇಟು ಲೆಕ್ಕವಿಲ್ಲದಷ್ಟು ಬಿತ್ತು. ಐದನೆಯ ದಿನ ಒಂದೂ ಬೀಳಲಿಲ್ಲ. ಅಂದು ಹೊಲದಿಂದ ಬೇಗ ಮರಳಿ ಬಾಗಿಲಲ್ಲಿ ನಿಂತು ಅದನ್ನು ಕಂಡ ಮೇಲೆ ತೊಕುಜೊ ಗೊಣಗುತ್ತಲೇ ಒರಳು ತೊಳೆಯಲು ಹೊರಟ.

ಇಪ್ಪತ್ತೆಂಟರಂದು ಒಳ್ಳೆಯ ಬಿಸಿಲು. ಅಂಟಕ್ಕಿ ಹಬೆಯಾಡುತ್ತ ಒರಳಿಗೆ ಬಿತ್ತು. ತೊಕುಜೊ ಕೊಡತಿ ಎತ್ತಿದ, ಸೊಸೆಯ ಬೆರಳು ಕಂಡು ಗಾಳಿಯಲ್ಲೇ ನಿಲ್ಲಿಸಿದ, ಆಮೇಲೆ ಮೆಲ್ಲಗೆ ಇಳಿಸಿದ. ಪ್ರತಿ ಸಲವೂ ಅದೇ. ತಾಳ ತಪ್ಪಿತು, ಅಕ್ಕಿ ಆರುತ್ತ ಗಂಟುಗಂಟಾಯಿತು.

ಜಗಲಿಯಲ್ಲಿ ಕೂತಿದ್ದ ಯಾಸುನೊ ಕೇಳಿದಳು: "ಇಷ್ಟು ವರ್ಷ ನಾನು ಕೈ ಹಾಕಿದ್ನಲ್ಲ, ಒಂದು ಸಲನಾದ್ರೂ ನನ್ನ ಕೈ ನೋಡಿದ್ರಾ?"

ತೊಕುಜೊ ಯೋಚಿಸಿದ. "ಇಲ್ಲ ಕಣೆ."

"ಅದಕ್ಕೇ ನನ್ನ ಹತ್ತು ಬೆರಳೂ ನೆಟ್ಟಗಿವೆ. ನೀವು ಒರಳಿನ ನಡು ನೋಡಿ. ಕೈ ಅವಳದ್ದು, ಅವಳು ನೋಡ್ಕೋತಾಳೆ."

ಚಿನಾತ್ಸು ಬೋಗುಣಿಯ ನೀರಿಗೆ ಕೈ ಅದ್ದಿದಳು. "ಮಾವ, ನೀವು ನಿಲ್ಲಿಸಿದಾಗಲೇ ನಂಗೆ ಭಯ ಆಗೋದು. ಜೋರಾಗಿ ಹಾಕಿ."

ಎರಡನೆಯ ಸಲದ ಅಕ್ಕಿ ಬಂತು. ಈ ಬಾರಿ ತೊಕುಜೊ ಒರಳಿನ ನಡುವಿಗೇ ಕಣ್ಣು ನೆಟ್ಟ. ಕೊಡತಿ ಬಿತ್ತು, ಅವಳು "ಹ್ಞಾ" ಎಂದು ಮಡಚಿದಳು, ಮತ್ತೆ ಬಿತ್ತು. ಇಪ್ಪತ್ತು ಪೆಟ್ಟಾಗುವಷ್ಟರಲ್ಲಿ ಇಬ್ಬರ ಉಸಿರೂ ಒಂದೇ ಲಯಕ್ಕೆ ಬಂದಿತ್ತು. ಮುದ್ದೆ ನಯವಾಗಿ, ಬೆಳ್ಳಗೆ, ಕಂದನ ಕೆನ್ನೆಯ ಹಾಗೆ ಮೆತ್ತಗಾಯಿತು. ಬೆವರು ಒರೆಸಿಕೊಳ್ಳುತ್ತ ತೊಕುಜೊ ನಕ್ಕ. ಬೆರಳು ಎಣಿಸಿಕೋ ಎಂದು ಸೊಸೆಗೆ ಹೇಳಿದ. ಅವಳು ಗಂಭೀರವಾಗಿ ಎಣಿಸಿ ಹತ್ತಿವೆ ಎಂದು ತೋರಿಸಿದಳು.

ಗಂಟುಗಂಟಾದ ಮೊದಲ ಮುದ್ದೆಯನ್ನು ತುರಿದ ಮೂಲಂಗಿ, ಸೋಯಾ ರಸದೊಂದಿಗೆ ಮೂವರೂ ಜಗಲಿಯಲ್ಲೇ ಕೂತು ತಿಂದು ಮುಗಿಸಿದರು. ಎರಡನೆಯದರಿಂದ ದೇವರ ಮುಂದೆ ಒಂದರ ಮೇಲೊಂದು ಇಡುವ ಜೋಡಿ ಮೋಚಿಯನ್ನು ಚಿನಾತ್ಸು ಉರುಟಾಗಿ ತಟ್ಟಿದಳು. ಮೇಲಿನದು ಸ್ವಲ್ಪ ವಾಲಿತ್ತು, ಯಾಸುನೊ ಅದನ್ನು ಸರಿಪಡಿಸಲು ಹೋಗಲಿಲ್ಲ.

ಜನವರಿ ಕೊನೆಗೆ ಯಾಸುನೊಳ ಕೈಯ ಪಟ್ಟಿ ಬಿಚ್ಚಿದರು. ಮುಂದಿನ ಡಿಸೆಂಬರ್ ಇಪ್ಪತ್ತೆಂಟರಂದು ಚಿನಾತ್ಸು ಅತ್ತೆಯನ್ನು ಒರಳಿನ ಬಳಿ ಕರೆದಳು. ಯಾಸುನೊ ಚಹಾದ ಬಟ್ಟಲು ಹಿಡಿದು ಬಿಸಿಲಿಗೆ ಬೆನ್ನು ಕೊಟ್ಟು ಜಗಲಿಯಲ್ಲೇ ಕೂತಳು.

"ನೀನೇ ಹಾಕಮ್ಮ. ಇಲ್ಲಿಂದ ನೋಡೋಕೆ ಎಷ್ಟು ಚೆನ್ನಾಗಿದೆ ಅಂತ ನಂಗಿಷ್ಟು ವರ್ಷ ಗೊತ್ತೇ ಇರ್ಲಿಲ್ಲ."